ಫ್ಯಾಂಟಮ್‌ನ ಅಸಲಿ ಹಾಳೆ ಮನೆಗೆ ತರೋದು ಹೇಗೆ: ಬಾಲ್ಯದ ಕಾಮಿಕ್ಸ್‌ನ ಮೂಲಚಿತ್ರ ಸಂಗ್ರಹಿಸುವವರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಮೇಜಿನ ಮೇಲೆ ಈಗ ಒಂದು ಉದ್ದನೆಯ ದಪ್ಪ ಹಾಳೆ ಇದೆ. ಅದರಲ್ಲಿ ಮೂರು ಚೌಕ. ಮೊದಲನೆಯದರಲ್ಲಿ ಕಾಡು, ಎರಡನೆಯದರಲ್ಲಿ ಕುದುರೆ ಮೇಲೆ ಮುಖವಾಡ ಹಾಕಿದ ಕಾಡಿನ ನಾಯಕ ಫ್ಯಾಂಟಮ್, ಮೂರನೆಯದರಲ್ಲಿ ಬೆದರಿದ ಕಳ್ಳನ ಮುಖ. ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಕಪ್ಪು ಶಾಯಿ ಎಲ್ಲ ಕಡೆ ಒಂದೇ ಥರ ಕಾಣುವುದಿಲ್ಲ. ಬ್ರಷ್‌ನಲ್ಲಿ ಶಾಯಿ ತುಂಬಿದ್ದಾಗ ಎಳೆದ ಜಾಗದಲ್ಲಿ ಹೊಳಪಿದೆ. ಶಾಯಿ ಮುಗಿಯುತ್ತಾ ಬಂದ ಜಾಗ ಬೂದು ಬಣ್ಣಕ್ಕೆ ತಿರುಗಿದೆ. ಕುದುರೆಯ ಮುಂಗಾಲಿನ ಪಕ್ಕ ತೆಳು ಪೆನ್ಸಿಲಿನಲ್ಲಿ ಇನ್ನೊಂದು ಕಾಲಿದೆ. ಕಲಾವಿದರು ಮೊದಲು ಕಾಲನ್ನು ಅಲ್ಲಿಟ್ಟು, ಆಮೇಲೆ ಮನಸ್ಸು ಬದಲಿಸಿದ್ದಾರೆ. ಅಚ್ಚಾದ ಪುಸ್ತಕದಲ್ಲಿ ಆ ಐದನೇ ಕಾಲು ಯಾರಿಗೂ ಕಂಡಿಲ್ಲ.

ಶಿವಮೊಗ್ಗದ ಒಂದು ಬಾಡಿಗೆ ಲೈಬ್ರರಿಯಲ್ಲಿ ದಿನಕ್ಕೆ ಇಷ್ಟು ಪೈಸೆ ಅಂತ ಕೊಟ್ಟು ಇಂದ್ರಜಾಲ ಕಾಮಿಕ್ಸ್ ಓದಿದ ಹುಡುಗ ನಾನು. ಆ ಕಥೆ ಬರೆದ ಕೈಯ ಗುರುತು ಒಂದು ದಿನ ನನ್ನ ಮನೆಯಲ್ಲೇ ಇರುತ್ತದೆ ಅಂತ ಆಗ ಅನ್ನಿಸಿರಲಿಲ್ಲ. ಈಗ ಇದೆ. ಇದಕ್ಕೆ ಕೋಟ್ಯಧಿಪತಿ ಆಗಬೇಕಿಲ್ಲ. ತಾಳ್ಮೆ ಬೇಕು, ಹಾಳೆಯನ್ನು ಓದಲು ಕಲಿಯಬೇಕು. ಬೆಲೆ, ಹೆಸರು, ಸಹಿ ಎಲ್ಲ ಆಮೇಲಿನ ಮಾತು.

ಮೊದಲು ಇದು ಗೊತ್ತಿರಲಿ: ನೀವು ಓದಿದ ಪುಟಕ್ಕೆ ಒರಿಜಿನಲ್ ಇಲ್ಲ

ಹೊಸಬರಿಗೆ ಇದು ನಿರಾಸೆ ಅನ್ನಿಸಬಹುದು. ಆದರೆ ಇದು ಅರ್ಥವಾಗದೆ ಹುಡುಕಾಟ ಶುರು ಮಾಡಬೇಡಿ.

ಕಥೆಗಾರ ಲೀ ಫಾಕ್ ಅವರ ಫ್ಯಾಂಟಮ್ ಅಮೆರಿಕದ ಪತ್ರಿಕೆಗಳಲ್ಲಿ 1936ರ ಫೆಬ್ರವರಿ 17ರಂದು ಶುರುವಾಯಿತು. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದು ಕಪ್ಪು ಬಿಳುಪು ಸಾಲು. ಇದಕ್ಕೆ ಡೈಲಿ ಸ್ಟ್ರಿಪ್ ಅಂತಾರೆ. 1939ರ ಮೇ 28ರಿಂದ ಭಾನುವಾರದ ದೊಡ್ಡ ಬಣ್ಣದ ಪುಟವೂ ಸೇರಿಕೊಂಡಿತು. ಅದು ಸಂಡೇ ಪೇಜ್. ಡೈಲಿಯಲ್ಲಿ ಒಂದು ಕಥೆ ನಡೆಯುತ್ತಿದ್ದರೆ ಸಂಡೇಯಲ್ಲಿ ಬೇರೆಯದೇ ಕಥೆ.

ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಇಂದ್ರಜಾಲ ಕಾಮಿಕ್ಸ್ ಶುರು ಮಾಡಿದಾಗ ಈ ಸ್ಟ್ರಿಪ್‌ಗಳನ್ನೇ ತಂದು ಪುಸ್ತಕದ ಆಕಾರಕ್ಕೆ ಜೋಡಿಸಿತು. ಮೊದಲ 32 ಸಂಚಿಕೆ ಪೂರಾ ಫ್ಯಾಂಟಮ್. ಆಮೇಲೆ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ ಮುಂತಾದವರು ಬಂದರು. ಚೌಕಗಳನ್ನು ಕತ್ತರಿಸಿ, ಅಂಚು ಕಡಿದು, ಎರಡು ಮೂರು ದಿನದ ಸಾಲುಗಳನ್ನು ಒಂದೇ ಪುಟಕ್ಕೆ ಕೂರಿಸುತ್ತಿದ್ದರು. ಫ್ಯಾಂಟಮ್ ಇರುವ ಬಂಗಾಲ್ಲಾ ಅನ್ನೋ ದೇಶದ ಹೆಸರು ಡೆಂಕಾಲಿ ಆಯಿತು. ಬಣ್ಣ ತುಂಬಿದ್ದೂ ಇಲ್ಲೇ.

ಹಾಗಾಗಿ ನೀವು ಓದಿದ ಕನ್ನಡ ಮಾತಿನ ಪುಟ ಕಲಾವಿದರ ಮೇಜಿನ ಮೇಲೆ ಯಾವತ್ತೂ ಇರಲಿಲ್ಲ. ಅಲ್ಲಿದ್ದದ್ದು ಇಂಗ್ಲಿಷ್ ಮಾತಿನ ಕಪ್ಪು ಬಿಳುಪು ಸ್ಟ್ರಿಪ್. ನೇರಳೆ ಉಡುಪು ಅಲ್ಲಿ ಬರೀ ಬಿಳಿ ಕಾಗದ, ಮಡಿಕೆಗಳಿಗೆ ನಾಲ್ಕು ಬ್ರಷ್ ಗೆರೆ. ನಾವು ಹುಡುಕುವುದು ಅದನ್ನೇ.

ಇಂದ್ರಜಾಲಕ್ಕಾಗಿಯೇ ನಮ್ಮ ದೇಶದಲ್ಲಿ ತಯಾರಾದ ಮೂಲಚಿತ್ರಗಳೂ ಇವೆ. ಮುಖಪುಟದ ಬಣ್ಣದ ಚಿತ್ರಗಳಲ್ಲಿ ಬಹಳಷ್ಟನ್ನು ಬಿ. ಗೋವಿಂದ್ ಬರೆದರು. 1976ರಲ್ಲಿ ಆಬಿದ್ ಸುರ್ತಿ ಸೃಷ್ಟಿಸಿದ ಬಹಾದುರ್ ಅನ್ನೋ ನಾಯಕ ಪೂರ್ತಿ ಇಲ್ಲಿಯವನೇ. ಇವು ಮಾರಾಟಕ್ಕೆ ಬರೋದು ತೀರಾ ಅಪರೂಪ. ಆ ವಿಷಯ ಮುಂದೆ ಹೇಳುತ್ತೇನೆ.

ಹೆಜ್ಜೆ 1: ನಿಮ್ಮ ಕಥೆ ಯಾವುದು ಅಂತ ಹಿಡಿಯಿರಿ

"ಫ್ಯಾಂಟಮ್ ಬೇಕು" ಅಂತ ಹೊರಟರೆ ಕೈಗೆ ಸಿಕ್ಕಿದ್ದನ್ನೆಲ್ಲ ಕೊಂಡುಬಿಡುತ್ತೀರಿ. ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು ನೆನಪಿನಲ್ಲಿ ಉಳಿದ ದೃಶ್ಯ ಬರೆಯಿರಿ. ತಲೆಬುರುಡೆ ಗುಹೆಯಲ್ಲಿ ದಿನಚರಿ ಬರೆಯುತ್ತಾ ಕೂತ ಫ್ಯಾಂಟಮ್ಮಾ? ಗದ್ದದ ಮೇಲೆ ಉಂಗುರದ ಗುರುತು ಬಿದ್ದ ಕಳ್ಳನಾ? ಪಿಗ್ಮಿ ಗುರಾನ್‌ನ ಬುಟ್ಟಿ ಟೋಪಿಯಾ? ಡಯಾನಾ ಜೊತೆ 1977ರ ಮದುವೆಯಾ?

ಆಮೇಲೆ ಆ ಸಂಚಿಕೆ ಸಂಪಾದಿಸಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿ, ನೆಂಟರ ಮನೆಯ ಅಟ್ಟವನ್ನೂ ಬಿಡಬೇಡಿ. ಸಂಚಿಕೆ ಸಿಕ್ಕ ಮೇಲೆ ಆ ಕಥೆ ಅಮೆರಿಕದಲ್ಲಿ ಯಾವ ವರ್ಷ, ಯಾವ ತಿಂಗಳು ಬಂದಿತ್ತು ಅಂತ ಹುಡುಕಬೇಕು. ಫ್ಯಾಂಟಮ್ ಅಭಿಮಾನಿಗಳು ಕಥೆಗಳನ್ನೆಲ್ಲ ತಾರೀಖಿನ ಸಮೇತ ಪಟ್ಟಿ ಮಾಡಿಟ್ಟಿದ್ದಾರೆ. ಹರ್ಮಿಸ್ ಪ್ರೆಸ್ ತಂದಿರುವ ಸ್ಟ್ರಿಪ್ ಸಂಪುಟಗಳಲ್ಲೂ ತಾರೀಖಿನ ಕ್ರಮ ಸಿಗುತ್ತದೆ. ಡೈಲಿಯಾ ಸಂಡೇಯಾ ಅನ್ನೋದನ್ನೂ ಗುರುತು ಮಾಡಿಕೊಳ್ಳಿ.

ಈ ತಾರೀಖುಗಳ ಪಟ್ಟಿಯೇ ನಿಮ್ಮ ನಿಜವಾದ ಬಂಡವಾಳ. ಸಾಮಾನ್ಯವಾಗಿ ಸ್ಟ್ರಿಪ್‌ನ ಒಂದು ಚೌಕದೊಳಗೆ ತಿಂಗಳು ಮತ್ತು ದಿನ ಸಣ್ಣದಾಗಿ ಇರುತ್ತದೆ, 7-14 ಅನ್ನೋ ಹಾಗೆ. ವರ್ಷ ಸಿಗೋದು ಪಕ್ಕದ ಕಿಂಗ್ ಫೀಚರ್ಸ್ ಸಿಂಡಿಕೇಟ್‌ನ, ಅಂದರೆ ಸ್ಟ್ರಿಪ್‌ಗಳನ್ನು ಪತ್ರಿಕೆಗಳಿಗೆ ಹಂಚುವ ಸಂಸ್ಥೆಯ, ಕಾಪಿರೈಟ್ ಸಾಲಿನಲ್ಲಿ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಮರೆಯಬೇಡಿ.

ಹೆಜ್ಜೆ 2: ಯಾರ ಕೈ ಅಂತ ತಿಳಿಯಿರಿ

ಮೊದಲು ಚಿತ್ರ ಬರೆದವರು ರೇ ಮೂರ್, ಆಮೇಲೆ ವಿಲ್ಸನ್ ಮೆಕಾಯ್. ಮೆಕಾಯ್ 1961ರಲ್ಲಿ ತೀರಿಕೊಂಡ ಮೇಲೆ ಸೈ ಬ್ಯಾರಿ ಬಂದರು. 1994ರವರೆಗೆ ಅವರದ್ದೇ ಕಾಲ. ನಮ್ಮಲ್ಲಿ 60ರಿಂದ 80ರ ದಶಕದವರೆಗೆ ಓದಿದವರ ಮನಸ್ಸಿನಲ್ಲಿ ಕೂತಿರುವ ಅಗಲ ಭುಜದ, ಚೂಪು ಗಲ್ಲದ ಫ್ಯಾಂಟಮ್ ಹೆಚ್ಚಾಗಿ ಸೈ ಬ್ಯಾರಿ ಅವರದ್ದೇ. ಮೆಕಾಯ್ ಅವರ ಫ್ಯಾಂಟಮ್ ಇನ್ನೂ ಸರಳ, ಗೆರೆ ದಪ್ಪ. ನನಗೆ ಅದೂ ತುಂಬಾ ಇಷ್ಟ.

ಇಲ್ಲೊಂದು ಮುಖ್ಯ ವಿಷಯ. ಸೈ ಬ್ಯಾರಿ ಒಬ್ಬರೇ ಕೂತು ಅಷ್ಟೂ ಬರೆದವರಲ್ಲ. ಜಾರ್ಜ್ ಓಲೆಸೆನ್, ಆಂಡ್ರೆ ಲೆಬ್ಲಾಂಕ್, ಜೋ ಜೆಯೆಲ್ಲಾ ಮುಂತಾದ ಸಹಾಯಕರು ಇದ್ದರು. ಓಲೆಸೆನ್ ವರ್ಷಗಟ್ಟಲೆ ಪೆನ್ಸಿಲ್ ಕೆಲಸ ಮಾಡಿದವರು. ಆದರೆ ಸ್ಟ್ರಿಪ್ ಮೇಲೆ ಇರೋದು ಬ್ಯಾರಿ ಅವರ ಹೆಸರು. ಅಂದರೆ ಚೌಕದೊಳಗಿನ ಸಹಿ ನೋಡಿ ಪ್ರತಿ ಗೆರೆಯೂ ಅವರದ್ದೇ ಅಂತ ಹೇಳಲಾಗದು. ಇದು ಮೋಸ ಅಲ್ಲ, ಸ್ಟ್ರಿಪ್‌ಗಳ ಕೆಲಸ ನಡೆಯುತ್ತಿದ್ದದ್ದೇ ಹಾಗೆ. ಬೆಲೆ ಕಟ್ಟುವಾಗ ಇದು ಮನಸ್ಸಿನಲ್ಲಿರಲಿ.

ಹಣ ಜಾಸ್ತಿ ಇಲ್ಲದಿದ್ದರೆ ಈಚಿನ ಕಲಾವಿದರನ್ನು ನೋಡಿ. 2005ರಿಂದ 2016ರಲ್ಲಿ ತೀರಿಕೊಳ್ಳುವವರೆಗೆ ಪಾಲ್ ರಯನ್ ಡೈಲಿ ಬರೆದರು. ಅವರ ನಂತರ ಮೈಕ್ ಮ್ಯಾನ್ಲಿ ಬಂದರು. ಈ ಕಾಲದ ಕೆಲಸದಲ್ಲಿ ಎರಡು ಪ್ರಶ್ನೆ ಕೇಳಲೇಬೇಕು. ಇದು ಕಾಗದದ ಮೇಲೆ ಶಾಯಿಯಲ್ಲಿ ಬರೆದದ್ದಾ, ಕಂಪ್ಯೂಟರಿನಲ್ಲಾ? ಮಾತಿನ ಬಲೂನು ಹಾಳೆಯ ಮೇಲೇ ಇದೆಯಾ? ಈಗ ಎಷ್ಟೋ ಕಡೆ ಮಾತುಗಳನ್ನು ಕಂಪ್ಯೂಟರಿನಲ್ಲೇ ಸೇರಿಸುವುದರಿಂದ ಮೂಲಹಾಳೆ ಮೂಕವಾಗಿರುತ್ತದೆ.

ಹೆಜ್ಜೆ 3: ಹಾಳೆಯನ್ನು ಓದಲು ಕಲಿಯಿರಿ

ನಾನು ಮೊದಲು ಕೊಂಡದ್ದು ಒರಿಜಿನಲ್ ಆಗಿರಲಿಲ್ಲ. ಆನ್‌ಲೈನ್‌ನಲ್ಲಿ ಒಬ್ಬರು ಮಾರಿದ್ದು, ಫೋಟೋ ಚೆನ್ನಾಗಿತ್ತು. ಕವರ್ ಬಿಚ್ಚಿದಾಗ ತೆಳುವಾದ, ನುಣುಪಾದ ಕಾಗದ ಬಂತು. ಕಪ್ಪು ಎಲ್ಲ ಕಡೆ ಒಂದೇ ಸಮ. ಅದು ಸಿಂಡಿಕೇಟ್‌ನವರು ಪತ್ರಿಕೆಗಳಿಗೆ ಕಳಿಸುತ್ತಿದ್ದ ಪ್ರೂಫ್. ಅಚ್ಚು ಮಾಡಿದ್ದು. ಅದಕ್ಕೂ ಒಂದು ಬೆಲೆ ಇದೆ, ಆದರೆ ನಾನು ಕೊಟ್ಟ ಬೆಲೆ ಅಲ್ಲ. ಆವತ್ತು ರಾತ್ರಿ ತುಂಬಾ ಬೇಜಾರಾಗಿತ್ತು. ನಿಮಗೆ ಹಾಗಾಗಬಾರದು ಅಂತಲೇ ಈ ಭಾಗವನ್ನು ಉದ್ದವಾಗಿ ಬರೆಯುತ್ತಿದ್ದೇನೆ.

ಅಸಲಿ ಸ್ಟ್ರಿಪ್ ಅಚ್ಚಾದದ್ದಕ್ಕಿಂತ ಸಾಕಷ್ಟು ದೊಡ್ಡದಾಗಿರುತ್ತದೆ. ದೊಡ್ಡದಾಗಿ ಬರೆದು ಕ್ಯಾಮೆರಾದಲ್ಲಿ ಚಿಕ್ಕದು ಮಾಡುತ್ತಿದ್ದರು. ಹಾಳೆ ದಪ್ಪ ಡ್ರಾಯಿಂಗ್ ರಟ್ಟು. ಅದರ ಮೇಲೆ ಶಾಯಿ ಕೂತಿರುವುದು ಬರಿಗಣ್ಣಿಗೆ ಕಾಣುತ್ತದೆ. ಮಾರುವವರಿಗೆ ಮೂರು ಫೋಟೋ ಕೇಳಿ: ಎದುರಿನಿಂದ ಒಂದು, ಹಿಂಭಾಗದ್ದು ಒಂದು, ಕಿಟಕಿಯ ಪಕ್ಕ ಓರೆ ಬೆಳಕಿನಲ್ಲಿ ಒಂದು. ಮೂರನೆಯದೇ ಮುಖ್ಯ. ಓರೆ ಬೆಳಕಿನಲ್ಲಿ ಶಾಯಿಯ ಹೊಳಪು, ತಪ್ಪು ಮುಚ್ಚಲು ಹಚ್ಚಿದ ಬಿಳಿ ಬಣ್ಣದ ಉಬ್ಬು, ಅಂಟಿಸಿದ ತುಂಡುಗಳ ಅಂಚು ಎಲ್ಲ ಎದ್ದು ಕಾಣುತ್ತವೆ. ಒರಿಜಿನಲ್ ಕೊಡಲು ಮನಸ್ಸಿರುವವರು ಈ ಫೋಟೋಗೆ ಇಲ್ಲ ಅನ್ನುವುದಿಲ್ಲ.

ಹಾಳೆ ಕೈಗೆ ಬಂದ ಮೇಲೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇಟ್ಟು ನೋಡಿ. ಬೂದು ಬಣ್ಣದ ಕಡೆ ಪುಟ್ಟ ಪುಟ್ಟ ಚುಕ್ಕಿ ಕಂಡರೆ ಎಚ್ಚರ, ಅಚ್ಚು ಇರಬಹುದು. ಆದರೆ ಅಲ್ಲೇ ತೀರ್ಪು ಕೊಡಬೇಡಿ. ಆಗ ಕಲಾವಿದರೇ ಚುಕ್ಕಿ ಇರುವ ಪಾರದರ್ಶಕ ಹಾಳೆ ಕತ್ತರಿಸಿ ನೆರಳಿಗೆ ಅಂಟಿಸುತ್ತಿದ್ದರು. ಉಗುರಿನ ತುದಿಗೆ ಅದರ ಅಂಚು ಸಿಗುತ್ತದೆ. ಅಚ್ಚಾದ ಚುಕ್ಕಿಗೆ ಅಂಚು ಇರೋದಿಲ್ಲ. ತಿಳಿನೀಲಿ ಪೆನ್ಸಿಲ್ ಗೆರೆಗಳಿದ್ದರೆ ಖುಷಿಪಡಿ. ಆ ಕಾಲದ ಅಚ್ಚಿನ ಕ್ಯಾಮೆರಾಗೆ ತಿಳಿನೀಲಿ ಕಾಣುತ್ತಿರಲಿಲ್ಲ. ಅದಕ್ಕೇ ಎಷ್ಟೋ ಕಲಾವಿದರು ಅಳಿಸುವ ಕೆಲಸ ಇಲ್ಲದ ಹಾಗೆ ಅದರಲ್ಲೇ ಬರೆಯುತ್ತಿದ್ದರು.

ನಕಲಿ ಹಿಡಿಯಲು ನನಗೆ ಗೊತ್ತಿರುವ ಒಳ್ಳೆ ಉಪಾಯ ಇದು. ಅಚ್ಚಾದ ಸ್ಟ್ರಿಪ್‌ನ್ನು ಪಕ್ಕದಲ್ಲಿಟ್ಟು ನೋಡಿ. ಅಸಲಿಯಲ್ಲಿ ಅಚ್ಚಿಗಿಂತ ಜಾಸ್ತಿ ಇರಬೇಕು. ಅಂಚಿನ ಗುರುತುಗಳು, ಅಳಿಸಿದ ಗೆರೆ, ಬದಲಾದ ಬೆರಳು, ಬಲೂನಿನ ಒಳಗೆ ಅಕ್ಷರಕ್ಕೆ ಎಳೆದ ಪೆನ್ಸಿಲ್ ಸಾಲು, ಇಂಥವು. ಅಚ್ಚಿನಲ್ಲಿ ಇರುವಷ್ಟೇ ಇದ್ದು ಬೇರೆ ಏನೂ ಇಲ್ಲದಿದ್ದರೆ, ಯಾರೋ ಕೆಳಗಿಂದ ದೀಪ ಹಾಕಿ ನಕಲು ತೆಗೆದಿರುವ ಸಾಧ್ಯತೆ ಇದೆ. ನಕಲು ಮಾಡುವವರ ಗೆರೆಗೆ ವೇಗ ಇರುವುದಿಲ್ಲ. ಕುದುರೆ ಬಾಲ ನೋಡಿ, ಕೂದಲು ನೋಡಿ. ಒಂದೇ ಏಟಿಗೆ ಎಳೆದ ಗೆರೆ ಕೊನೆಯಲ್ಲಿ ಸಣ್ಣಗಾಗುತ್ತದೆ. ನಿಧಾನವಾಗಿ ತಿದ್ದಿದ ಗೆರೆ ಕೊನೆವರೆಗೂ ಒಂದೇ ದಪ್ಪ ಇರುತ್ತದೆ, ಅಲ್ಲಲ್ಲಿ ನಡುಗುತ್ತದೆ.

ಕಣ್ಣು ಪಳಗಿಸಲು ಬೆಂಗಳೂರಿನ ಎಂ.ಜಿ. ರಸ್ತೆಯ ಹತ್ತಿರ ಇರುವ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೆ ಹೋಗಿ ಬನ್ನಿ. ಅಲ್ಲಿ ಕಾಮಿಕ್ಸ್‌ಗಿಂತ ವ್ಯಂಗ್ಯಚಿತ್ರ ಜಾಸ್ತಿ. ಅದರಿಂದೇನೂ ತೊಂದರೆ ಇಲ್ಲ. ಪ್ರದರ್ಶನದಲ್ಲಿ ಕೈಬರಹದ ಹಾಳೆ ಯಾವುದು, ಪ್ರಿಂಟ್ ಯಾವುದು ಅಂತ ನೀವೇ ಊಹಿಸಿ, ಆಮೇಲೆ ಕೇಳಿ ತಿಳಿದುಕೊಳ್ಳಿ.

ಹೆಜ್ಜೆ 4: ಎಲ್ಲಿ ಹುಡುಕೋದು

ಅಮೆರಿಕದ ಡಲ್ಲಾಸ್‌ನಲ್ಲಿರುವ ಹೆರಿಟೇಜ್ ಆಕ್ಷನ್ಸ್ ಈ ವ್ಯವಹಾರದಲ್ಲಿ ದೊಡ್ಡ ಹೆಸರು. ಅಲ್ಲಿ ಸುಮ್ನೆ ಖಾತೆ ತೆರೆದರೂ ಹಿಂದೆ ಏನು ಎಷ್ಟಕ್ಕೆ ಹೋಯಿತು ಅಂತ ನೋಡಬಹುದು. ಕೊಳ್ಳುವ ಮೊದಲು ಎರಡು ಮೂರು ತಿಂಗಳು ಅದನ್ನಷ್ಟೇ ಮಾಡಿ. ಕಾಮಿಕ್‌ಆರ್ಟ್‌ಫ್ಯಾನ್ಸ್ ಅನ್ನೋದು ಸಂಗ್ರಾಹಕರು ತಮ್ಮಲ್ಲಿರುವುದನ್ನು ತೋರಿಸುವ ತಾಣ. ನಿಮ್ಮ ತಾರೀಖಿನ ಪಟ್ಟಿ ಇಟ್ಟುಕೊಂಡು ಹುಡುಕಿ. ಬೇಕಾದ ಸ್ಟ್ರಿಪ್ ಯಾರ ಹತ್ತಿರವಾದರೂ ಇದ್ದರೆ ಮರ್ಯಾದೆಯಿಂದ ಒಂದು ಪತ್ರ ಬರೆಯಿರಿ: "ಮುಂದೆ ಯಾವತ್ತಾದರೂ ಕೊಡೋ ಮನಸ್ಸಾದರೆ ನನ್ನನ್ನು ನೆನಪಿಸಿಕೊಳ್ಳಿ." ಇಂಡಿಯಾದಲ್ಲಿ ಈ ಕಥೆ ಓದಿ ಬೆಳೆದೆ ಅಂತ ಹೇಳಿದರೆ ಅವರಿಗೂ ಖುಷಿ. ನನ್ನ ಮೇಜಿನ ಮೇಲಿರುವ ಸ್ಟ್ರಿಪ್ ಬಂದದ್ದು ಹಾಗೇ, ಪತ್ರ ಬರೆದು ಎರಡು ವರ್ಷ ಆದ ಮೇಲೆ.

ಇಬೇಯಲ್ಲೂ ಸಿಗುತ್ತದೆ, ನಕಲಿಯೂ ಅಲ್ಲೇ ಜಾಸ್ತಿ. ವಾಪಸ್ ತೆಗೆದುಕೊಳ್ಳುವ ಭರವಸೆ ಇಲ್ಲದವರ ಹತ್ತಿರ ಕೊಳ್ಳಬೇಡಿ. ಫ್ಯಾಂಟಮ್‌ಗೆ ಸ್ವೀಡನ್‌ನಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ ಅಮೆರಿಕಕ್ಕಿಂತ ಹೆಚ್ಚು ಪ್ರೀತಿ. ಆಸ್ಟ್ರೇಲಿಯಾದ ಫ್ರೂ ಪ್ರಕಾಶನ 1948ರಿಂದ, ಸ್ವೀಡನ್ನಿನ ಪತ್ರಿಕೆ 1950ರಿಂದ ನಡೆದು ಬಂದಿವೆ. ಸ್ವೀಡನ್ನಿನವರು ತಮ್ಮದೇ ಕಲಾವಿದರಿಂದ ಹೊಸ ಕಥೆಗಳನ್ನೂ ಮಾಡಿಸಿದರು. ಅವು ಸ್ಟ್ರಿಪ್ ಅಲ್ಲ, ಪೂರ್ತಿ ಪುಟಗಳು. ನೋಡಲು ಬಹಳ ಚಂದ.

ಇನ್ನು ನಮ್ಮ ದೇಶದ್ದು. ಇಂದ್ರಜಾಲ, ಅಮರ ಚಿತ್ರಕಥೆ, ಟಿಂಕಲ್ ಇವುಗಳ ಮೂಲಚಿತ್ರ ಬೇಕು ಅನ್ನೋರು ತುಂಬಾ ಜನ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರಕಥೆ, ರಾಮ್ ವಾಯಿರ್‌ಕರ್ ಗೆರೆಯ ಸುಪ್ಪಂದಿ, ಇವೆಲ್ಲ ನಮ್ಮದೇ ಬಾಲ್ಯ ಅಲ್ವಾ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮಲ್ಲಿ ಚಿತ್ರಕ್ಕೆ ಸಂಭಾವನೆ ಕೊಟ್ಟ ಮೇಲೆ ಹಾಳೆ ಪ್ರಕಾಶಕರ ಹತ್ತಿರವೇ ಉಳಿಯುವುದು ವಾಡಿಕೆ. ಹಾಗಾಗಿ ಯಾರಾದರೂ ಮಾರಲು ತಂದರೆ ಇದು ನಿಮ್ಮ ಕೈಗೆ ಹೇಗೆ ಬಂತು ಅಂತ ನೇರವಾಗಿ ಕೇಳಿ. ತೃಪ್ತಿಯಾಗುವ ಉತ್ತರ ಬರದಿದ್ದರೆ ಎಷ್ಟೇ ಆಸೆಯಾದರೂ ಬಿಡಿ.

ಕಲಾವಿದರ ಮನೆಯವರನ್ನು ಸಂಪರ್ಕಿಸುವುದಾದರೆ ಮೊದಲ ಭೇಟಿಯಲ್ಲಿ ಕೊಳ್ಳುವ ಮಾತೇ ಬೇಡ. ಅವರ ಅಪ್ಪನೋ ಅಜ್ಜನೋ ಬರೆದ ಪುಸ್ತಕ ತೆಗೆದುಕೊಂಡು ಹೋಗಿ ತೋರಿಸಿ, ಮಾತಾಡಿ, ಕೇಳಿಸಿಕೊಳ್ಳಿ. ಕೊಡುತ್ತೇವೆ ಅಂತ ಅವರೇ ಅಂದರೆ ಚೌಕಾಸಿ ಮಾಡದೆ ನ್ಯಾಯವಾದ ಬೆಲೆ ಹೇಳಿ. ಇಂಥ ಚಿತ್ರ, ಇಂಥ ದಿನ, ಇಂಥವರಿಂದ ಅಂತ ಅವರ ಕೈಯಲ್ಲೇ ಒಂದು ಚೀಟಿ ಬರೆಸಿ ಸಹಿ ಹಾಕಿಸಿಕೊಳ್ಳಿ.

ಹೆಜ್ಜೆ 5: ಬೆಲೆ

ಬೆಲೆ ನಿರ್ಧರಿಸುವುದು ಚೌಕದಲ್ಲಿ ಯಾರಿದ್ದಾರೆ ಅನ್ನೋದು. ಮುಖವಾಡ ಹಾಕಿದ ಫ್ಯಾಂಟಮ್ ದೊಡ್ಡದಾಗಿ ಇದ್ದರೆ ಬೆಲೆ ಮೇಲೆ. ಜೊತೆಗೆ ಅವನ ಕುದುರೆ ಹೀರೋ, ತೋಳ ಡೆವಿಲ್, ಗುಹೆಯ ಸಿಂಹಾಸನ ಇದ್ದರೆ ಇನ್ನೂ ಮೇಲೆ. ಕೋಟು ಟೋಪಿ ಹಾಕಿಕೊಂಡು ವಾಕರ್ ಅನ್ನೋ ಹೆಸರಿನಲ್ಲಿ ಅವನು ಊರಲ್ಲಿ ಓಡಾಡುವ ಸ್ಟ್ರಿಪ್ ಕಡಿಮೆಗೆ ಸಿಗುತ್ತದೆ. ಬರೀ ಇಬ್ಬರು ಪೊಲೀಸರು ಮಾತಾಡುವ ಸ್ಟ್ರಿಪ್ ಎಲ್ಲಕ್ಕಿಂತ ಅಗ್ಗ. ಒಂದೇ ಕಥೆಯ ಸೋಮವಾರದ ಸ್ಟ್ರಿಪ್‌ಗೂ ಗುರುವಾರದ್ದಕ್ಕೂ ಹಲವು ಪಟ್ಟು ವ್ಯತ್ಯಾಸ ಇರಬಹುದು. ರೇ ಮೂರ್ ಕಾಲದ್ದು ಅಪರೂಪ, ದುಬಾರಿ. ನನ್ನ ಸಲಹೆ ಏನೆಂದರೆ ನೆನಪಿನಲ್ಲಿರುವ ಕಥೆಯ ಅಗ್ಗದ ಸ್ಟ್ರಿಪ್ ಒಂದರಿಂದ ಶುರು ಮಾಡಿ. ನೆನಪೇ ಇಲ್ಲದ ಕಥೆಯ ಭರ್ಜರಿ ಚಿತ್ರಕ್ಕಿಂತ ಅದು ಹೆಚ್ಚು ದಿನ ಖುಷಿ ಕೊಡುತ್ತದೆ.

ಕೆಲವು ಸ್ಟ್ರಿಪ್‌ಗಳ ಅಂಚಿನಲ್ಲಿ ಕಲಾವಿದರು ಯಾರಿಗೋ ಶುಭಾಶಯ ಬರೆದಿರುತ್ತಾರೆ. ಪತ್ರ ಬರೆದ ಓದುಗರಿಗೆ ಹಾಳೆಗಳನ್ನು ಹಾಗೇ ಕೊಟ್ಟುಬಿಡುವ ರೂಢಿ ಆಗ ಇತ್ತು. ಬೇರೆಯವರ ಹೆಸರು ಇದೆ ಅಂತ ಕೆಲವರು ಬೇಡ ಅನ್ನುತ್ತಾರೆ. ನಾನಂತೂ ಅದನ್ನು ಅಸಲಿತನದ ಸಾಕ್ಷಿ ಅಂತಲೇ ನೋಡುತ್ತೇನೆ.

ಹೆಜ್ಜೆ 6: ಹಣ ಕಳಿಸುವುದು, ಹಾಳೆ ತರಿಸುವುದು

ಹರಾಜಿನಲ್ಲಿ ನೀವು ಕೂಗಿದ ಬೆಲೆಯೇ ಕೊನೆಯದಲ್ಲ. ಅದರ ಮೇಲೆ ಹರಾಜು ಸಂಸ್ಥೆಯ ಪಾಲು ಸೇರುತ್ತದೆ, ಅದು ಸುಮಾರು 20 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ. ಆಮೇಲೆ ಸಾಗಣೆ, ವಿಮೆ, ಬ್ಯಾಂಕಿನ ವಿದೇಶಿ ವಿನಿಮಯದ ಶುಲ್ಕ, ಕಸ್ಟಮ್ಸ್. ಕಸ್ಟಮ್ಸ್ ಲೆಕ್ಕ ಹಾಕುವುದು ಚಿತ್ರದ ಬೆಲೆಗೆ ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಕೊನೆಯ ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ ನಿಮ್ಮ ಮಿತಿ ಗೊತ್ತುಮಾಡಿ.

ಪೂರ್ತಿ ಕೈಯಿಂದ ಬರೆದ ಚಿತ್ರಗಳಿಗೆ ಕಸ್ಟಮ್ಸ್‌ನಲ್ಲಿ 9701 ಅನ್ನೋ ಪ್ರತ್ಯೇಕ ಸಂಖ್ಯೆ ಇದೆ. ಕಳಿಸುವವರಿಗೆ ಬಿಲ್ ಮೇಲೆ "ಕೈಯಿಂದ ಬರೆದ ಮೂಲಚಿತ್ರ, ಕಾಗದದ ಮೇಲೆ ಶಾಯಿ" ಅಂತ ಇಂಗ್ಲಿಷಿನಲ್ಲಿ ಬರೆದು ಆ ಸಂಖ್ಯೆ ಹಾಕಲು ಹೇಳಿ. ಪೋಸ್ಟರ್, ಕಾಮಿಕ್ಸ್ ಅಂತ ಬರೆದರೆ ಗೊಂದಲ ಆಗುತ್ತದೆ. ತೆರಿಗೆಯ ದರ ಬದಲಾಗುತ್ತಿರುತ್ತದೆ, ಕೊಳ್ಳುವ ಮೊದಲೇ ಕೊರಿಯರ್‌ನವರನ್ನು ಕೇಳಿ. ಬೆಲೆ ಕಡಿಮೆ ತೋರಿಸಿ ಅಂತ ಮಾತ್ರ ಹೇಳಬೇಡಿ. ಅದು ಕಾನೂನಿಗೆ ವಿರುದ್ಧ, ದಾರಿಯಲ್ಲಿ ಕಳೆದುಹೋದರೆ ವಿಮೆಯೂ ಅಷ್ಟಕ್ಕೇ ಸಿಗುತ್ತದೆ.

ಸುರುಳಿ ಸುತ್ತಿ ಕೊಳವೆಯಲ್ಲಿ ಕಳಿಸಲು ಬಿಡಬೇಡಿ. ಬಿಳಿ ಬಣ್ಣ ಸಿಡಿದು ಉದುರುತ್ತದೆ, ಅಂಟಿಸಿದ ತುಂಡು ಏಳುತ್ತದೆ. ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ ಬರಬೇಕು. ರಟ್ಟಿನ ಗೀರುಗಳು ಒಂದರದು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಇದ್ದರೆ ಸುಲಭಕ್ಕೆ ಬಾಗುವುದಿಲ್ಲ. ಪಾರ್ಸಲ್ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ.

ಹೆಜ್ಜೆ 7: ಮನೆಯಲ್ಲಿ ಕಾಪಾಡುವುದು

ನನ್ನ ಎರಡನೇ ಸ್ಟ್ರಿಪ್‌ನ್ನು ಫ್ರೇಮ್ ಹಾಕಲು ಕೊಟ್ಟಿದ್ದೆ. ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ, ಸುಕ್ಕಾಗಬಾರದು ಅಂತ, ಹಿಂದೆ ಪೂರ್ತಿ ಗೋಂದು ಹಚ್ಚಿ ಹಾರ್ಡ್‌ಬೋರ್ಡಿಗೆ ಅಂಟಿಸಿಬಿಟ್ಟರು. ಹಿಂಭಾಗದಲ್ಲಿದ್ದ ಸಿಂಡಿಕೇಟ್ ಮುದ್ರೆ ಹಾಗೇ ಮುಚ್ಚಿಹೋಯಿತು. ಹಾಗಾಗಿ ಅಂಗಡಿಗೆ ಕೊಡುವಾಗ ಅಂಟಿಸಬಾರದು, ಲ್ಯಾಮಿನೇಷನ್ ಮಾಡಬಾರದು, ಅಂಚು ಕತ್ತರಿಸಬಾರದು ಅಂತ ಬಾಯಲ್ಲಿ ಹೇಳಿ, ಚೀಟಿಯಲ್ಲೂ ಬರೆದು ಕೊಡಿ. ಸಾಧ್ಯವಾದರೆ ಪಕ್ಕದಲ್ಲೇ ನಿಂತಿರಿ. ಹಾಳೆಗೂ ಗಾಜಿಗೂ ನಡುವೆ ಆಮ್ಲ ಇಲ್ಲದ, ನಡುವೆ ಕತ್ತರಿಸಿದ ರಟ್ಟಿನ ಚೌಕಟ್ಟು ಇರಬೇಕು. ಹಾಳೆಯನ್ನು ನಾಲ್ಕು ಮೂಲೆಯಲ್ಲಿ ಕಾಗದದ ಜೇಬುಗಳಲ್ಲಿ ಕೂರಿಸಬಹುದು. ಬಿಸಿಲು ಬೀಳುವ ಗೋಡೆ ಬೇಡ, ಅಡುಗೆಮನೆ ಬಚ್ಚಲಿನ ಗೋಡೆಯೂ ಬೇಡ.

ಫ್ರೇಮ್ ಹಾಕದವು ಪಾಲಿಯೆಸ್ಟರ್ ಕವರಿನಲ್ಲಿ ಆಮ್ಲರಹಿತ ರಟ್ಟಿನ ಜೊತೆ ಚಪ್ಪಟೆಯಾಗಿ ಮಲಗಿರಲಿ. ಮಂಗಳೂರು, ಉಡುಪಿ, ಕಾರವಾರ, ಮಲೆನಾಡು ಕಡೆಯವರು ಜಾಸ್ತಿ ಜಾಗ್ರತೆ ವಹಿಸಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಒಂದು ವಾರ ಸಾಕು. ಬೀರುವಿನಲ್ಲಿ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಾಯಿಸಿ. ಮುನ್ನೂರು ರೂಪಾಯಿಗೋ ಐನೂರಕ್ಕೋ ಸಿಗುವ ತೇವಾಂಶ ಅಳೆಯುವ ಪುಟ್ಟ ಮೀಟರ್ ಇಟ್ಟುಕೊಳ್ಳಿ. 50ರ ಆಸುಪಾಸು ಇದ್ದರೆ ನೆಮ್ಮದಿ. ನುಸಿಗುಳಿಗೆ ಹಾಕಬೇಡಿ. ಗೋಡೆಗೆ ತಾಗಿಸಿ ಇಡಬೇಡಿ, ಗೆದ್ದಲು ಬರುವುದು ಅಲ್ಲಿಂದಲೇ.

ಹಳೇ ಅಂಟು ಒಣಗಿ, ಅಂಟಿಸಿದ್ದ ಮಾತಿನ ಬಲೂನು ಉದುರಿ ಬಿದ್ದರೆ ಮನೆಯ ಗೋಂದಿನಲ್ಲಿ ಮತ್ತೆ ಅಂಟಿಸಲು ಹೋಗಬೇಡಿ. ತುಂಡನ್ನು ಪುಟ್ಟ ಕವರಿನಲ್ಲಿ ಹಾಕಿ ಹಾಳೆಯ ಜೊತೆಯೇ ಇಡಿ. ಕಲೆ, ಬೂಷ್ಟು, ಹರಿದದ್ದು ಇದ್ದರೆ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಕಾಪಾಡುವ ಸಂಸ್ಥೆ ಇಂಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರ ಇದೆ. ಅಲ್ಲಿ ವಿಚಾರಿಸಿ.

ದಾಖಲೆ ಮತ್ತು ಹಕ್ಕು

ಹಾಳೆ ನಿಮ್ಮದು, ಆದರೆ ಚಿತ್ರದ ಕಾಪಿರೈಟ್ ನಿಮ್ಮದಲ್ಲ. ಗೋಡೆಗೆ ಹಾಕಬಹುದು, ಸ್ನೇಹಿತರಿಗೆ ತೋರಿಸಬಹುದು, ಮಾರಲೂಬಹುದು. ಟೀ ಶರ್ಟ್ ಮೇಲೆ ಅಚ್ಚು ಹಾಕಿ ಮಾರುವ ಹಾಗಿಲ್ಲ.

ಪ್ರತಿ ಹಾಳೆಗೂ ಒಂದು ಕವರ್ ಮಾಡಿ. ಬಿಲ್, ಪತ್ರವ್ಯವಹಾರ, ಮುಂದೆ ಹಿಂದೆ ತೆಗೆದ ಫೋಟೋ, ಸ್ಟ್ರಿಪ್‌ನ ತಾರೀಖು, ಅದು ಬಂದ ಇಂದ್ರಜಾಲ ಸಂಚಿಕೆಯ ಸಂಖ್ಯೆ ಎಲ್ಲ ಅದರಲ್ಲಿರಲಿ. ಮೂಲಹಾಳೆಯ ಹಿಂದೆ ಪೆನ್ನಿನಲ್ಲಿ ಏನನ್ನೂ ಬರೆಯಬೇಡಿ. ಮತ್ತೆ, ಮನೆಯಲ್ಲಿ ಕನಿಷ್ಠ ಒಬ್ಬರಿಗಾದರೂ ಇದು ಏನು, ಎಲ್ಲಿದೆ, ಯಾರನ್ನು ಕೇಳಬೇಕು ಅಂತ ಹೇಳಿಟ್ಟಿರಿ. ಹಳದಿಯಾದ ಹಾಳೆಗಳ ಕಟ್ಟು ರದ್ದಿಯವರ ತಕ್ಕಡಿಗೆ ಹೋಗಲು ಒಂದು ಹಬ್ಬದ ಸಾರಣೆ ಸಾಕು. ನಮ್ಮನೆಯಲ್ಲಿ ಆ ಕವರುಗಳ ಮೇಲೆ ಸಂಖ್ಯೆ ಹಾಕುವ ಕೆಲಸ ನನ್ನ ಮಗಳದು. ಐದನೇ ಕಾಲನ್ನು ಮೊದಲು ಕಂಡುಹಿಡಿದವಳೂ ಅವಳೇ.